ದುಃಸ್ವಪ್ನಗಳ ವೈದ್ಯ

ಡಬ್ಲ್ಯು. ಎಚ್. ಆರ್. ರಿವರ್ಸ್ ಅವರನ್ನು ನಮ್ಮ ನಾಡಿನ ವಿದ್ವಾಂಸರು ಬಲ್ಲುದು ನೀಲಗಿರಿಯ ತೋಡರನ್ನು ಕುರಿತು 1906ರಲ್ಲಿ ಅವರು ಪ್ರಕಟಿಸಿದ ಬೃಹದ್ಗ್ರಂಥದಿಂದ. ಆ ಬೆಟ್ಟದ ಜನರ ವಂಶಾವಳಿಗಳನ್ನೂ ಹೈನಿನ ವಿಧಿಗಳನ್ನೂ ತಾಳ್ಮೆಯಿಂದ ಕೇಳಿ ಬರೆದಿಟ್ಟ ಕಿವಿಯೇ ಮುಂದೆ ಯುದ್ಧದಲ್ಲಿ ನೊಂದವರ ಕನಸುಗಳನ್ನೂ ಕೇಳಿತೆಂಬುದು ನನಗೆ ಅವರ ಬಾಳಿನ ಅತಿಶಯವಾಗಿ ತೋರುತ್ತದೆ.

ರಿವರ್ಸ್ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ 1864ರಲ್ಲಿ ಜನಿಸಿದರು. ತಂದೆ ಉಗ್ಗುವವರ ಮಾತನ್ನು ತಿದ್ದುತ್ತಿದ್ದವರು. ಮಗನ ಉಗ್ಗು ಮಾತ್ರ ಕಡೆಯವರೆಗೂ ಪೂರ್ತಿಯಾಗಿ ಹೋಗಲಿಲ್ಲ. 1886ರಲ್ಲಿ ವೈದ್ಯಪದವಿ ಪಡೆದು, ಕೇಂಬ್ರಿಜ್‌ನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸಿದರು.

ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಎಡಿನ್‌ಬರೋ ಬಳಿಯ ಕ್ರೇಗ್ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದರು. ಅಲ್ಲಿದ್ದವರು ಸೇನಾಧಿಕಾರಿಗಳು. ಹಗಲೆಲ್ಲ ನಗುತ್ತ ಆಡುತ್ತಿದ್ದವರು ರಾತ್ರಿ ಚೀರಿ ಏಳುತ್ತಿದ್ದರು. ಕಂಡದ್ದನ್ನು ಮರೆತುಬಿಡಿರೆಂಬುದು ಆಗ ಎಲ್ಲರೂ ಹೇಳುತ್ತಿದ್ದ ಬುದ್ಧಿವಾದ. ಹಗಲು ಬಲವಂತವಾಗಿ ಅದುಮಿಟ್ಟುದೇ ಇರುಳಿನಲ್ಲಿ ಮೇಲೆದ್ದು ಬರುತ್ತದೆಂದು ರಿವರ್ಸ್ ಮನಗಂಡರು. ಈ ವಿಚಾರವನ್ನು 1917ರ ಡಿಸೆಂಬರಿನಲ್ಲಿ ವೈದ್ಯರ ಸಭೆಯೊಂದರ ಮುಂದಿಟ್ಟರು.

ಸಿಡಿಗುಂಡಿಗೆ ಛಿದ್ರಗೊಂಡ ಗೆಳೆಯನ ದೇಹವನ್ನು ಕಂಡ ಅಧಿಕಾರಿಯೊಬ್ಬನಿಗೆ ಆ ರೂಪವೇ ಕನಸಿನಲ್ಲಿ ಕಾಡುತ್ತಿತ್ತು. ದೇಹ ಹಾಗೆ ಛಿದ್ರವಾಗಿದ್ದುದರಿಂದಲೇ ಗೆಳೆಯನು ನೋವನ್ನರಿಯದೆ ತತ್‌ಕ್ಷಣ ಮಡಿದಿರಬೇಕೆಂದು ರಿವರ್ಸ್ ಅವನಿಗೆ ತಿಳಿಯಹೇಳಿದರು. ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಅನಂತರ ಬಿದ್ದ ಕನಸಿನಲ್ಲಿ ಅವನು ಗೆಳೆಯನ ಪಕ್ಕದಲ್ಲಿ ಮಂಡಿಯೂರಿದ. ಎಚ್ಚರವಾದಾಗ ಅವನಲ್ಲಿದ್ದುದು ಭಯವಲ್ಲ, ಶೋಕ. ಆದರೆ ಮತ್ತೊಬ್ಬನ ಅನುಭವ ಎಷ್ಟು ಬೀಭತ್ಸವೆಂದರೆ, ಅದರಲ್ಲಿ ಸಮಾಧಾನದ ಎಳೆಯೊಂದೂ ಸಿಕ್ಕಲಿಲ್ಲ. ಅವನಿಗೆ ಸೈನ್ಯವನ್ನು ಬಿಟ್ಟು ಹಳ್ಳಿಯ ಬಾಳನ್ನು ಅರಸಬೇಕಾಯಿತು. ಇದನ್ನೂ ರಿವರ್ಸ್ ಮುಚ್ಚಿಡದೆ ದಾಖಲಿಸಿದರು.

ಅವರ ವೃತ್ತಿಯಲ್ಲಿ ಒಂದು ಧರ್ಮಸಂಕಟವಿತ್ತು. ಗುಣವಾದವನನ್ನು ಮತ್ತೆ ರಣರಂಗಕ್ಕೆ ಕಳುಹಿಸುವುದೇ ಆ ಚಿಕಿತ್ಸೆಯ ಗುರಿ. ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ ಕವಿ ಸೀಗ್‌ಫ್ರೀಡ್ ಸಸೂನ್ 1917ರ ಜುಲೈಯಲ್ಲಿ ಅವರ ಬಳಿಗೆ ಬಂದರು. ನವೆಂಬರಿನಲ್ಲಿ ಸೇನೆಗೆ ಹಿಂದಿರುಗಿದರು. ಕವಿಯ ವಾದ ವೈದ್ಯರನ್ನೂ ಕಲಕಿತ್ತು. ಆ ತುಮುಲ ತಮ್ಮದೇ ಕನಸಿನಲ್ಲಿ ಮೂಡಿದ ಬಗೆಯನ್ನು ರಿವರ್ಸ್ ಪರಿಶೀಲಿಸಿ ಬರೆದರು. ಆ ಬರಹವಿದ್ದ ಗ್ರಂಥ ಹೊರಬಂದದ್ದು 1923ರಲ್ಲಿ. ಅವರು 1922ರ ಜೂನ್ 4ರಂದೇ ತೀರಿಕೊಂಡಿದ್ದರು.

ಇಂದು ಮಾಜಿ ಸೈನಿಕರಿಗೆ ತಮ್ಮ ದುಃಸ್ವಪ್ನವನ್ನು ಎಚ್ಚರದಲ್ಲಿ ಬರೆದು, ಅದರ ಗತಿಯನ್ನು ಬದಲಿಸಿ, ಹೊಸ ರೂಪವನ್ನು ದಿನವೂ ಮನಸ್ಸಿನಲ್ಲಿ ಅಭ್ಯಸಿಸುವ ಕ್ರಮವನ್ನು ಹೇಳಿಕೊಡುತ್ತಾರೆ. ಅದು ಎಲ್ಲರಿಗೂ ಫಲಿಸದು. ಆದರೂ ಆ ಕ್ರಮದ ವಿಷಯವನ್ನು ಓದುವಾಗಲೆಲ್ಲ, ಗೆಳೆಯನ ಪಕ್ಕದಲ್ಲಿ ಮಂಡಿಯೂರಿದ ಆ ಹೆಸರಿಲ್ಲದ ಅಧಿಕಾರಿಯೇ ನನ್ನ ಕಣ್ಣಮುಂದೆ ಬರುತ್ತಾನೆ.