ಗೋಖಲೆಯವರ ಜೀವನವೂ ಪಕ್ಷಕಲಹವೂ

ದೇಶಕಾರ್ಯದಲ್ಲಿ ಮತಭೇದವು ದೋಷವಲ್ಲ. ಮತಭೇದವನ್ನು ವೈರವೆಂದೆಣಿಸುವದೇ ದೋಷವು. ಮಾತಿನಲ್ಲಿ ಹುರುಳಿದೆಯೇ ಎಂದು ನೋಡದೆ, ಅದನ್ನಾಡಿದವನು ಯಾವ ಪಕ್ಷದವನೆಂದು ಮೊದಲು ಕೇಳುವ ರೂಢಿಯು ಇಂದು ಬೆಂಗಳೂರಿನ ವಿಧಾನಸಭೆಯಿಂದ ದಿಲ್ಲಿಯ ಲೋಕಸಭೆಯವರೆಗೆ ವ್ಯಾಪಿಸಿದೆ. ಈ ರೋಗವು ಹೊಸದಲ್ಲ. ಇದರ ಕಹಿಯನ್ನು ಬಾಳೆಲ್ಲ ಉಂಡ ದಿವಂಗತ ಗೋಪಾಳ ಕೃಷ್ಣ ಗೋಖಲೆಯವರ ಚರಿತ್ರೆಯನ್ನು ವಾಚಕರು ಸ್ಮರಿಸುವದು ಉಚಿತವಾಗಿದೆ.

ಗೋಖಲೆಯವರು ೧೮೬೬ನೆಯ ಮೇ ೯ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕದಲ್ಲಿ ಬಡ ಕುಟುಂಬದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ತಮ್ಮನ ಓದಿಗಾಗಿ ಅಣ್ಣ ಗೋವಿಂದರಾಯರು ತಮ್ಮ ೧೫ ರೂಪಾಯಿ ಸಂಬಳದಲ್ಲಿ ೮ ರೂಪಾಯಿಗಳನ್ನು ಕಳಿಸುತ್ತಿದ್ದರು. ೧೮೮೪ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ಗೋಖಲೆಯವರು ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯನ್ನು ಸೇರಿ, ಅಲ್ಪ ವೇತನಕ್ಕೆ ಸುಮಾರು ೨೦ ವರ್ಷ ಪಾಠ ಹೇಳಿದರು.

ನ್ಯಾಯಮೂರ್ತಿ ರಾನಡೆಯವರು ಅವರಿಗೆ ರಾಜಕಾರಣದ ಗುರುಗಳು. ಅಂಕಿ ಸಂಖ್ಯೆಗಳನ್ನು ಒರೆಗೆ ಹಚ್ಚದೆ ಒಂದಕ್ಷರವನ್ನೂ ಬರೆಯಬಾರದೆಂಬ ಶಿಸ್ತು ಅಲ್ಲಿ ದೊರೆಯಿತು. ೧೮೯೫ರಲ್ಲಿ ಪುಣೆಯ ಸಾರ್ವಜನಿಕ ಸಭೆಯು ಲೋಕಮಾನ್ಯ ತಿಳಕರ ಪಕ್ಷದ ಕೈಸೇರಿತು. ಮರುವರ್ಷ ರಾನಡೆಯವರ ಬಳಗವು ಡೆಕ್ಕನ್ ಸಭೆಯನ್ನು ಹೂಡಿತು. ಊರು ಒಂದೇ, ದೇಶಹಿತದ ಗುರಿಯೂ ಒಂದೇ. ಸಭೆಗಳು ಮಾತ್ರ ಎರಡು!

೧೮೯೭ರಲ್ಲಿ ಇಂಗ್ಲಂಡಿನಲ್ಲಿದ್ದಾಗ ಗೋಖಲೆಯವರು ಸ್ವದೇಶದಿಂದ ಬಂದ ಪತ್ರಗಳನ್ನು ನಂಬಿ, ಪ್ಲೇಗು ನಿವಾರಣೆಗೆ ನೇಮಿಸಿದ ಸೈನಿಕರ ಮೇಲೆ ಘೋರ ಆರೋಪಗಳನ್ನು ಪ್ರಕಟಿಸಿದರು. ಹಿಂದಿರುಗಿದ ಬಳಿಕ ಪುರಾವೆ ಸಿಗಲಿಲ್ಲ. ಆಗ ಅವರು ನಿಸ್ಸಂಕೋಚವಾಗಿ ಕ್ಷಮೆ ಬೇಡಿದರು. ಸ್ವಜನರೇ ಹೇಡಿಯೆಂದು ಜರೆದರು. ಸಾಧಿಸಲಾಗದ ಮಾತನ್ನು ಹಿಂದಕ್ಕೆ ಪಡೆಯುವದು ಹೇಡಿತನವೋ ಧೈರ್ಯವೋ ಎಂಬುದನ್ನು ವಾಚಕರೇ ನಿರ್ಣಯಿಸಲಿ. ಆ ಪಾಠವು ವ್ಯರ್ಥವಾಗಲಿಲ್ಲ. ೧೯೦೨ರಲ್ಲಿ ವೈಸರಾಯರ ಶಾಸನಸಭೆಯಲ್ಲಿ, ಬೊಕ್ಕಸದ ಉಳಿತಾಯವು ಪ್ರಜೆಯ ಸುಭಿಕ್ಷದ ಗುರುತಲ್ಲವೆಂದು ಅವರು ಲೆಕ್ಕಗಳಿಂದಲೇ ತೋರಿಸಿದರು. ಉಪ್ಪಿನ ಕರವು ಮುಂದಿನ ವರ್ಷ ಇಳಿಯಿತು. ೧೯೦೫ರಲ್ಲಿ ಅವರು ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರು ಯಾರೊಡನೆಯೂ ವೈಯಕ್ತಿಕ ಜಗಳಕ್ಕಿಳಿಯೆವೆಂದು ಪ್ರತಿಜ್ಞೆ ಮಾಡಬೇಕಾಗಿತ್ತು.

ಆದರೂ ೧೯೦೭ರ ಡಿಸೆಂಬರಿನಲ್ಲಿ ಸೂರತ್ತಿನ ಅನರ್ಥವು ನಡೆದೇಹೋಯಿತು. ಹಿಂದಿನ ವರ್ಷ ಕಲಕತ್ತೆಯಲ್ಲಿ ಒಪ್ಪಿದ್ದ ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣಗಳ ನಿರ್ಣಯಗಳನ್ನು ಕೈಬಿಡುವರೆಂಬ ವದಂತಿಯು ಹಬ್ಬಿತು. ಕರಡನ್ನು ಬರೆದವರು ಗೋಖಲೆಯವರು. ನಿರ್ಣಯಗಳು ಅದರಲ್ಲಿದ್ದವು, ಆದರೆ ಶಬ್ದಗಳು ಬದಲಾಗಿದ್ದವು, ಪ್ರತಿಗಳು ಪ್ರತಿನಿಧಿಗಳ ಕೈಸೇರುವದೂ ತಡವಾಯಿತು. ಒಂದು ಪಕ್ಷವು ಕಾಗದವನ್ನು ನೋಡುವ ಮುನ್ನವೇ ದ್ರೋಹವೆಂದು ತೀರ್ಮಾನಿಸಿತು. ಇನ್ನೊಂದು, ಸಂಶಯವನ್ನು ಕಾಲಕ್ಕೆ ಸರಿಯಾಗಿ ಪರಿಹರಿಸಲಿಲ್ಲ. ೨೭ರಂದು ತಿಳಕರು ವೇದಿಕೆಯನ್ನೇರಿ ಮಾತನಾಡುವೆನೆಂದು ಹಟಹಿಡಿದಾಗ ಜೋಡು ತೂರಿಬಂದಿತು, ಕುರ್ಚಿಗಳು ಹಾರಿದವು, ಪೋಲೀಸರು ಮಂಟಪವನ್ನು ತೆರವು ಮಾಡಿದರು. ಆ ಗಲಭೆಯಲ್ಲಿ ಪ್ರತಿಪಕ್ಷದ ಮುಂದಾಳಾದ ತಿಳಕರನ್ನು ಎರಡೂ ತೋಳು ಚಾಚಿ ರಕ್ಷಿಸಲು ನಿಂತವರು ಗೋಖಲೆಯವರೇ. ಲಾಭವಾದುದು ಯಾರಿಗೆ? ಮರುವರ್ಷವೇ ಸರಕಾರವು ತಿಳಕರನ್ನು ಆರು ವರ್ಷಗಳ ಶಿಕ್ಷೆಗೆ ಗುರಿಪಡಿಸಿ ಮಂಡಾಲೆಗೆ ಕಳಿಸಿತು. ಕಾಂಗ್ರೆಸ್ಸು ಒಡೆದೇ ಇತ್ತು. ಗೋಖಲೆಯವರು ೧೯೧೧ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣದ ಮಸೂದೆಯು ಮರುವರ್ಷ ೧೩ಕ್ಕೆ ೩೮ ಮತಗಳಿಂದ ಬಿದ್ದುಹೋಯಿತು.

ಸತ್ಯವನ್ನು ಮುಚ್ಚಲಾಗದು: ೧೯೧೪ರಲ್ಲಿ ಎರಡು ಪಕ್ಷಗಳನ್ನು ಕೂಡಿಸುವ ಯತ್ನ ನಡೆದಾಗ, ತಿಳಕರ ಉದ್ದೇಶವನ್ನು ಶಂಕಿಸಿ ಗೋಖಲೆಯವರೂ ಕೊನೆಗೆ ಹಿಂಜರಿದರು. ಅಂತಹ ಸಾತ್ವಿಕರನ್ನೂ ಪಕ್ಷಬುದ್ಧಿಯು ಬಿಡಲಿಲ್ಲವೆಂದ ಮೇಲೆ ಉಳಿದವರ ಪಾಡೇನು? ೧೯೧೫ನೆಯ ಫೆಬ್ರವರಿ ೧೯ರಂದು, ೪೮ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಸ್ಮಶಾನದಲ್ಲಿ ಅವರ ಗುಣವನ್ನು ಹೊಗಳಿದವರಲ್ಲಿ ತಿಳಕರೂ ಒಬ್ಬರು. ೧೯೧೬ರಲ್ಲಿ ಲಖನೌದಲ್ಲಿ ಪಕ್ಷಗಳು ಒಂದಾದವು, ಕಾಣಲು ಗೋಖಲೆಯವರಿರಲಿಲ್ಲ.

ಚಿತೆಯ ಮುಂದೆ ತೋರುವ ಔದಾರ್ಯವನ್ನು ಬದುಕಿರುವಾಗಲೇ ತೋರಿದ್ದರೆ ದೇಶಕ್ಕೆ ಒಂಬತ್ತು ವರ್ಷಗಳ ಒಡಕು ತಪ್ಪುತ್ತಿತ್ತೇನೋ. ಶ್ರೀ ಡಿ.ವಿ. ಗುಂಡಪ್ಪನವರು ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆಯವರ ಹೆಸರಿನಿಂದ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ತೆರೆದುದು, ನಾಗರಿಕರು ವಿಚಾರಮಾಡಿ ಮಾತನಾಡುವದನ್ನು ಕಲಿಯಲೆಂದೇ. ವದಂತಿಯನ್ನು ವಾರ್ತೆಯೆಂದು ಅಚ್ಚುಹಾಕುವ ಪತ್ರಕರ್ತರಾದ ನಾವೂ ಈ ಪಾಠಕ್ಕೆ ಹೊರತಲ್ಲ. ಕಾಗದವನ್ನು ಓದಿ ಆಮೇಲೆ ಸಿಟ್ಟಾಗುವ ಅಭ್ಯಾಸವನ್ನಾದರೂ ನಮ್ಮ ಮುಂದಾಳುಗಳು ಬೆಳೆಸಿಕೊಂಡರೆ ಗೋಖಲೆಯವರ ಸ್ಮರಣೆಯು ಸಾರ್ಥಕವಾಗುವದು.