ಗೂಢಲಿಪಿ ತಜ್ಞ ಹಾರ್ಸ್ಟ್ ಫೈಸ್ಟೆಲ್

ಯುನಿಕ್ಸ್ ಗಣಕದಲ್ಲಿ ಒಂದು ಸಾಲಿನ ಆಜ್ಞೆ ನೀಡಿದರೆ ಪಾಸ್‌ವರ್ಡ್ ಅರ್ಥವಾಗದ ಅಕ್ಷರಗಳಾಗುತ್ತಿತ್ತು. ಆ ವಿದ್ಯೆಯ ಮೂಲಪುರುಷ ಹಾರ್ಸ್ಟ್ ಫೈಸ್ಟೆಲ್. 1915ರಲ್ಲಿ ಬರ್ಲಿನ್‌ನಲ್ಲಿ ಜನಿಸಿ 1934ರಲ್ಲಿ ಅಮೆರಿಕ ಸೇರಿದರು. ಯುದ್ಧಕಾಲದಲ್ಲಿ ಗೃಹಬಂಧನ ಅನುಭವಿಸಿದರು. 1944ರ ಜನವರಿ 31ರಂದು ಪೌರತ್ವ ದೊರೆಯಿತು. ವಿಚಿತ್ರವೆಂದರೆ, ಮರುದಿನವೇ ರಹಸ್ಯ ಕಾರ್ಯಕ್ಕೆ ಅನುಮತಿಯೂ ಲಭಿಸಿತು! ಶತ್ರು-ಮಿತ್ರ ವಿಮಾನಗಳನ್ನು ಗುರುತಿಸುವ ಸಾಧನಗಳ ಕೆಲಸವದು.

ಮುಂದೆ ಐಬಿಎಂನಲ್ಲಿ ಅವರು ರೂಪಿಸಿದ ಲೂಸಿಫರ್ ಪದ್ಧತಿಯಿಂದ 1977ರ ಡಿಇಎಸ್ ಮಾನಕ ಹುಟ್ಟಿತು. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್, ಕೆನ್ ಥಾಂಪ್ಸನ್ ಅದನ್ನು 25 ಬಾರಿ ಆವರ್ತಿಸಿ, 12 ಬಿಟ್‌ಗಳ 'ಉಪ್ಪು' ಬೆರೆಸಿ ಪಾಸ್‌ವರ್ಡ್‌ಗಳಿಗೆ ಅಳವಡಿಸಿದರು. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಉಪ್ಪು ಬೇರೆಯಾದರೆ ಫಲಿತವೂ ಬೇರೆ. ಆದರೆ ಮಾನಕದ ಕೀಲಿ ಕೇವಲ 56 ಬಿಟ್‌ಗಳಿಗೆ ಇಳಿದಿತ್ತು. ಫೈಸ್ಟೆಲ್ 1990ರಲ್ಲಿ ನಿಧನರಾದರು. 1998ರಲ್ಲಿ ಯಂತ್ರವೊಂದು ಆ ಕೀಲಿಯನ್ನು ಮೂರು ದಿನಗಳೊಳಗೆ ಪತ್ತೆಹಚ್ಚಿತು.