ತೂಕವಿಲ್ಲದ ಬೆಟ್ಟ

ತ್ರಿಕೋನ ಅಂದ್ರೆ ನಮಗೆ ಹೈಸ್ಕೂಲಿನ ರೇಖಾಗಣಿತ, ಕಂಪಾಸ್ ಬಾಕ್ಸು, ಮೇಷ್ಟ್ರ ಬೆತ್ತ. ಅದೇ ತ್ರಿಕೋನವನ್ನು ಬೆಟ್ಟ ಮಾಡಿ ಅದರ ಹತ್ತಿರ ಒಂದು ಪುಟ್ಟ ಹಕ್ಕಿಯನ್ನು ಬಿಟ್ಟವರು ದಿಲ್ಲಿಯ ಚಿತ್ರಕಾರ ಜೆ. ಸ್ವಾಮಿನಾಥನ್.

ಮನೆತನ ತಮಿಳಿನದು, ಹುಟ್ಟಿದ್ದು 1928ರಲ್ಲಿ, ಶಿಮ್ಲಾದಲ್ಲಿ. ಡಾಕ್ಟರಿಕೆಗೆಂದು ದಿಲ್ಲಿಯಲ್ಲಿ ಓದಲು ಸೇರಿ, ಅರ್ಧಕ್ಕೇ ಬಿಟ್ಟು ಕಲ್ಕತ್ತೆಗೆ ಹೊರಟುಹೋದರು. ಆಮೇಲೆ ಕಮ್ಯುನಿಸ್ಟ್ ಪಕ್ಷ, ಪತ್ರಿಕೆಯ ಕೆಲಸ. ಸಂಜೆ ಹೊತ್ತು ದಿಲ್ಲಿ ಪಾಲಿಟೆಕ್ನಿಕ್‌ನಲ್ಲಿ ಚಿತ್ರದ ಕ್ಲಾಸು. ವಾರ್ಸಾಗೂ ಹೋಗಿಬಂದರು. ಮೂವತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳಿದ್ದ ಮನುಷ್ಯ, ಪಕ್ಷವನ್ನೂ ಬಿಟ್ಟು ಕುಂಚ ಹಿಡಿದರು. ನಮ್ಮಲ್ಲಿ ಯಾರಿಗಾದರೂ ಇಂಥ ಧೈರ್ಯ ಬಂದೀತೇ? ನನಗಂತೂ ಬರಲಾರದು.

1962ರಲ್ಲಿ ಹನ್ನೆರಡು ಮಂದಿ ಭಾವನಗರದ ಒಂದು ಮನೆಯಲ್ಲಿ ಸೇರಿ ಗುಂಪು ಕಟ್ಟಿದರು. ಆ ಮನೆಯ ನಂಬರೇ ಹೆಸರಾಯಿತು: ಗ್ರೂಪ್ 1890. ಮರುವರ್ಷ ದಿಲ್ಲಿಯಲ್ಲಿ ಅವರ ಪ್ರದರ್ಶನವನ್ನು ನೆಹರೂ ಉದ್ಘಾಟಿಸಿದರು. ಮುನ್ನುಡಿ ಬರೆದವರು ಮೆಕ್ಸಿಕೋದ ರಾಯಭಾರಿ, ಕವಿ ಆಕ್ಟೇವಿಯೋ ಪಾಸ್. ಪರದೇಶದ ನಕಲೂ ಬೇಡ, ಹಳೆಯದರ ಜಪವೂ ಬೇಡ ಎಂಬುದು ಇವರ ಜಗಳ. ಆ ಗುಂಪಿನದು ಅದೊಂದೇ ಪ್ರದರ್ಶನ.

ಅರವತ್ತರ ದಶಕದಲ್ಲೇ ಸ್ವಾಮಿನಾಥನ್ ಬಣ್ಣದ ಜ್ಯಾಮಿತಿಗೆ ಇಳಿದರು. ಆಮೇಲೆ ಬಂದದ್ದೇ ಹಕ್ಕಿ, ಮರ, ಬೆಟ್ಟದ ಚಿತ್ರಗಳು. ಹಿಂದೆ ಬರೀ ಬಣ್ಣ, ಎಷ್ಟೋ ಸಲ ಪಹಾಡಿ ಚಿತ್ರಗಳಲ್ಲಿರುವಂಥ ಹಳದಿ. ನೆಲವಿಲ್ಲ, ನೆರಳಿಲ್ಲ. ಬಂಡೆ ಗಾಳಿಯಲ್ಲಿ ತೇಲುತ್ತದೆ, ಹಕ್ಕಿ ರೆಕ್ಕೆ ಬಡಿಯದೆ ನಿಂತಿದೆ. ನ್ಯಾಯವಾಗಿ ಬಂಡೆ ಬೀಳಬೇಕು, ಹಕ್ಕಿ ಹಾರಬೇಕು, ಎರಡೂ ಆಗುವುದಿಲ್ಲ. ನಾವು ಕಾಮರ್ಸಿನವರು ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಬಚಾವಾಗ್ತೀವಲ್ಲ, ಹಾಗೆಯೇ ಎಂದು ಮೊದಲು ನಗು ಬಂತು. ಆದರೆ ಇಲ್ಲಿ ತಪ್ಪು ಹುಡುಕಬೇಕು ಅನ್ನಿಸುವುದೇ ಇಲ್ಲ. ಗೆರೆ ಗೆರೆಯಾಗಿಯೇ ಇದೆ, ಜೀವ ಜೀವವಾಗಿಯೇ ಇದೆ, ಒಂದು ಇನ್ನೊಂದನ್ನು ನುಂಗಿಲ್ಲ. ಶಿಮ್ಲಾದ ಹುಡುಗನಿಗೆ ಬೆಟ್ಟ ಮೊದಲು ಕಂಡಿತ್ತು, ತ್ರಿಕೋನ ಆಮೇಲೆ. ಇದು ನನ್ನ ಊಹೆ, ಬೈಯಬೇಡಿ.

ಇಷ್ಟಾಗಿ, ಹೆಸರು ತಂದ ಆ ಹಕ್ಕಿಯನ್ನೂ ಅವರು ಬಿಟ್ಟರು. 1982ರಲ್ಲಿ ಭೋಪಾಲದ ಭಾರತ ಭವನ ತೆರೆದಾಗ ಅಲ್ಲಿನ ಕಲಾ ಸಂಗ್ರಹಾಲಯ ಅವರ ಕೈಲಿತ್ತು. ಹಳ್ಳಿ, ಕಾಡುಗಳ ಕಲೆಯನ್ನು ಪೇಟೆಯ ಕಲೆಯ ಪಕ್ಕದಲ್ಲೇ, ಸರಿಸಮನಾಗಿ ಇಟ್ಟರು. ಪಾಟನ್‌ಗಢದ ಗೋಂಡ ಹುಡುಗ ಜನಗಢ ಸಿಂಗ್ ಶ್ಯಾಮ್ ಬೆಳಕಿಗೆ ಬಂದದ್ದು ಹೀಗೆ. ಕಲಿಸಲು ಹೋದವರು ತಾವೇ ಕಲಿತು ಬಂದರು ಅನ್ನಬೇಕು. ಕೊನೆಯ ಚಿತ್ರಗಳಲ್ಲಿ ತ್ರಿಕೋನ ಮತ್ತೆ ಬಂತು, ಆದರೆ ಸ್ಕೇಲಿನ ಗೆರೆ ಹೋಗಿ, ಮಣ್ಣಿನ ಗೋಡೆಯ ಮೇಲೆ ಬೆರಳಲ್ಲಿ ತೀಡಿದ ಹಾಗೆ ಒರಟೊರಟಾಗಿ.

1994ರಲ್ಲಿ ದಿಲ್ಲಿಯಲ್ಲೇ ತೀರಿಕೊಂಡರು.